ಹಾರೈಸುವ ಮುನ್ನ ದಿನವನ್ನು ತಿಳಿಯೋಣ



ರಮಝಾನ್, ಬಕ್ರೀದ್‌ಗಳಂತೆ 'ಮೊಹರಂ ಕಡೇ ದಿನ'ವೂ ನಮ್ಮ ರಾಜ್ಯದ ಸರಕಾರಿ ರಜಾಪಟ್ಟಿಯಲ್ಲಿದೆ. ರಜೆಯೆಂದರೆ ಹಬ್ಬ, ಹಬ್ಬವೆಂದರೆ ಸಂಭ್ರಮ ಎಂದುಕೊಂಡ ನೆರೆಯವರು ಮೊಬೈಲ್‌ನಲ್ಲಿ 'ಹ್ಯಾಪಿ ಮೊಹರಂ' ಎಂದು ಕಳುಹಿಸುತ್ತಾರೆ. ಅದು ಮುಹರ್ರಮ್‌ನ ಹತ್ತನೇ ದಿನ, ಆಶೂರಾ. ಹಿಜರಿ 61ರಲ್ಲಿ, ಅಂದರೆ ಕ್ರಿ.ಶ. 680ರಲ್ಲಿ, ಪ್ರವಾದಿ(ಸ)ರವರ ಮೊಮ್ಮಗ ಹಝ್ರತ್ ಹುಸೈನ್(ರ) ಕರ್ಬಲಾದಲ್ಲಿ ಹುತಾತ್ಮರಾದ ದಿನ. ಮೂಸಾ(ಅ)ರವರಿಗೆ ಫಿರ್‌ಔನನಿಂದ ಬಿಡುಗಡೆ ಸಿಕ್ಕ ದಿನವೆಂದು ನಮ್ಮಲ್ಲಿ ಅನೇಕರು ಉಪವಾಸವಿರುತ್ತಾರೆ; ಶಿಯಾ ಸಹೋದರರು ಶೋಕಿಸುತ್ತಾರೆ. ಶೋಕದ ಮನೆಗೆ 'ಹ್ಯಾಪಿ' ಎಂಬ ಮಾತು ಬಂದರೆ ನೋವಾಗುವುದು ಸಹಜ.

ಆದರೆ ಕಳುಹಿಸಿದವರ ಮನಸ್ಸಿನಲ್ಲಿದ್ದುದು ಪ್ರೀತಿ. ಕರ್ಮಕ್ಕೆ ಬೆಲೆ ಬರುವುದು ನಿಯ್ಯತ್ತಿನಿಂದ ಎಂದು ಕಲಿತವರು ನಾವು. ಯಾರಾದರೂ ವಂದಿಸಿದರೆ ಅದಕ್ಕಿಂತ ಚೆನ್ನಾಗಿ, ಇಲ್ಲವೇ ಅಷ್ಟೇ ಚೆನ್ನಾಗಿ ಮರುವಂದಿಸಬೇಕೆಂಬುದು ಸೂರಃ ಅನ್ನಿಸಾದ 86ನೇ ವಚನದ ಪಾಠ. ಹಾಗಿರುವಾಗ ಗ್ರೂಪ್‌ನಲ್ಲಿ ಎಲ್ಲರೆದುರು ಅವರಿಗೆ ಕಟುವಾಗಿ ಉತ್ತರಿಸುವುದು ಸರಿಯೇ? ಗದರಿಸಿಕೊಂಡವರು ಮುಂದಿನ ಈದ್‌ಗೂ ಮೌನವಾಗಿಬಿಡುತ್ತಾರೆ. 'ನೆನಪಿಸಿಕೊಂಡದ್ದಕ್ಕೆ ಧನ್ಯವಾದ. ಇದು ಹುಸೈನರ ತ್ಯಾಗವನ್ನು ಸ್ಮರಿಸುವ ದಿನ' ಎಂದರೆ ಸಾಕು.

ನಾವೂ ಎಚ್ಚರ ವಹಿಸೋಣ. ಗುಡ್ ಫ್ರೈಡೆ ಕ್ರೈಸ್ತರಿಗೆ ಯೇಸುವಿನ ಮರಣವನ್ನು ನೆನೆದು ದುಃಖಿಸುವ ದಿನ. ಅಂದು ಅವರಿಗೆ 'ಹ್ಯಾಪಿ' ಎಂದು ಕಳುಹಿಸುವವರು ನಮ್ಮಲ್ಲೂ ಇದ್ದಾರೆ. ಈ ದಿನ ಅವರಿಗೆ ಸಂತಸದ್ದೋ, ದುಃಖದ್ದೋ ಎಂದು ಮೊದಲು ಕೇಳಿ ತಿಳಿಯೋಣ.

ನಾಲಿಗೆಯಿಂದಲೂ ಬೆರಳಿನಿಂದಲೂ ಯಾರ ಮನಸ್ಸೂ ನೋಯದಂತೆ ಬದುಕುವ ತೌಫೀಕನ್ನು ಅಲ್ಲಾಹನು ನಮಗೆಲ್ಲ ನೀಡಲಿ. ಆಮೀನ್.