ಇನ್ವರ್ಟರೂ ಮೂರನೆಯ ತಂತಿಯೂ

(ವಾಚನಾಲಯದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಎಂಜಿನಿಯರನಲ್ಲ, ಗಿರಣಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತ. ಆದರೂ ಈ ವಿಷಯವನ್ನು ಆರಿಸಿಕೊಂಡದ್ದಕ್ಕೆ ಕಾರಣವುಂಟು. ನಮ್ಮಲ್ಲಿ ಅನೇಕರು ಬೋನಸ್ಸಿನ ಹಣದಲ್ಲಿ ಇಲ್ಲಿಯ ಖೋಲಿಗೋ ಊರಿನ ಮನೆಗೋ ಇನ್ವರ್ಟರ್ ಕೊಳ್ಳುತ್ತಾರೆ. ಬ್ಯಾಟರಿ ಎಷ್ಟು ತಾಸು ಬರುತ್ತದೆಂದು ನಾಲ್ಕು ಅಂಗಡಿಗಳಲ್ಲಿ ವಿಚಾರಿಸುತ್ತೇವೆ. ತಂತಿಗಳನ್ನು ಹೇಗೆ ಜೋಡಿಸಿದ್ದಾರೆಂದು ಮಾತ್ರ ಕೇಳುವುದಿಲ್ಲ. ಬ್ಯಾಟರಿಯದು 12 ವೋಲ್ಟೇ ಇರಬಹುದು. ಇನ್ವರ್ಟರ್ ಹೊರಕ್ಕೆ ಕೊಡುವುದು ಪ್ರಾಣ ತೆಗೆಯಬಲ್ಲ 230 ವೋಲ್ಟು.

ಮೊದಲು ಮೂರು ತಂತಿಗಳ ಪರಿಚಯ. ಫೇಸ್ ತಂತಿ ವಿದ್ಯುತ್ತನ್ನು ತರುತ್ತದೆ. ಕರಿಯ ನ್ಯೂಟ್ರಲ್ ತಂತಿ ಹಿಂದಕ್ಕೆ ಒಯ್ಯುತ್ತದೆ. ಹಸಿರು ಅರ್ಥಿಂಗ್ ತಂತಿಗೆ ನಿತ್ಯದ ಕೆಲಸವಿಲ್ಲ. ಇಸ್ತ್ರಿ, ಫ್ರಿಜ್ಜು, ಇನ್ವರ್ಟರುಗಳ ಲೋಹದ ಮೈಗೆ ಫೇಸ್ ತಗುಲಿದ ದಿನ ಅದು ವಿದ್ಯುತ್ತನ್ನು ನೆಲಕ್ಕೆ ಇಳಿಸಬೇಕು. ನೆಲವೂ ನ್ಯೂಟ್ರಲ್ಲೂ ಕೂಡುವ ಜಾಗ ನಮ್ಮ ಮನೆಯಲ್ಲಿಲ್ಲ. ಸರಬರಾಜಿನವರ ಟ್ರಾನ್ಸ್‌ಫಾರ್ಮರಿನ ಬಳಿ ಇದೆ. ನೆಲಕ್ಕೆ ಇಳಿದ ವಿದ್ಯುತ್ತು ತಾನು ಹುಟ್ಟಿದ ಕಡೆಗೆ ಮರಳಲು ಅದೇ ದಾರಿ. ಮನೆಯೊಳಗೆ ಇವೆರಡನ್ನೂ ಮನಬಂದಂತೆ ಕೂಡಿಸಬಾರದು. ಇದೇ ಇಂದಿನ ನನ್ನ ಮಾತಿನ ತಿರುಳು.

ಆದರೆ ನಡೆಯುವುದೇನು? ಹಳೆಯ ಚಾಳುಗಳ ಎಷ್ಟೋ ಖೋಲಿಗಳಲ್ಲಿ ಅರ್ಥಿಂಗ್ ತಂತಿಯೇ ಇರುವುದಿಲ್ಲ. ಅವಸರದ ವೈರ್‌ಮನ್ ಸಾಕೆಟ್ಟಿನೊಳಗೆ ನ್ಯೂಟ್ರಲ್ಲಿನಿಂದ ಒಂದು ತುಂಡು ತಂತಿಯನ್ನು ಅರ್ಥಿಂಗ್ ಪಿನ್ನಿಗೆ ಸಿಕ್ಕಿಸಿ, "ಆಯಿತು" ಎಂದು ಹೊರಟುಹೋಗುತ್ತಾನೆ. ನ್ಯೂಟ್ರಲ್ ಸರಿಯಾಗಿರುವವರೆಗೆ ಏನೂ ತಿಳಿಯದು. ಅದು ಎಲ್ಲಾದರೂ ಕಳಚಿತೆಂದರೆ, ಉರಿಯುವ ದೀಪದ ಮೂಲಕ ಫೇಸ್ ಆ ತುಂಡು ತಂತಿಗೆ ಬಂದು ಫ್ರಿಜ್ಜಿನ ಮೈಯೆಲ್ಲ ವಿದ್ಯುತ್ತಾಗುತ್ತದೆ. ಅದನ್ನು ಮೊದಲು ಮುಟ್ಟುವವರು ಮನೆಯ ಹೆಂಗಸರು, ಮಕ್ಕಳು.

ಅರ್ಥಿಂಗ್ ಒಂದೇ ಇದ್ದರೂ ಸಾಲದು. ಲೆಕ್ಕ ನೋಡಿರಿ: ಅರ್ಥಿಂಗ್ ಗುಂಡಿಯ ರೋಧ 20 ಓಮ್ ಇದ್ದರೆ, 230ನ್ನು 20ರಿಂದ ಭಾಗಿಸಿದಾಗ ಹರಿಯುವುದು ಹನ್ನೊಂದೂವರೆ ಆಂಪಿಯರ್. 16 ಆಂಪಿಯರಿನ ಎಂಸಿಬಿ ಅದಕ್ಕೆ ಬೀಳುವುದಿಲ್ಲ. 800 ವಿಎ ಇನ್ವರ್ಟರಂತೂ ಕೊಡುವುದೇ ಸುಮಾರು ಮೂರೂವರೆ ಆಂಪಿಯರ್. ಆದುದರಿಂದ 30 ಮಿಲಿಆಂಪಿಯರ್ ಸೋರಿದರೂ ಬೀಳುವ ಆರ್‌ಸಿಸಿಬಿ ಬೇಕು. ಇನ್ವರ್ಟರಿನಿಂದ ಹೊರಡುವ ಲೈನಿಗೆ ಬೇರೊಂದು ಬೇಕು. ಆ ಲೈನಿನ ನ್ಯೂಟ್ರಲ್ಲೂ ಬೇರೆಯೇ ಇರಬೇಕು. ಬೇರೆ ಲೈನಿನ ನ್ಯೂಟ್ರಲ್ಲಿನೊಡನೆ ಬೆರೆತರೆ ಆರ್‌ಸಿಸಿಬಿ ಮೇಲಿಂದ ಮೇಲೆ ಬೀಳುತ್ತದೆ. ಬೇಸತ್ತ ಮನೆಯವರು ಅದನ್ನೇ ತೆಗೆಸಿಬಿಡುತ್ತಾರೆ!

ಇನ್ನು ಇನ್ವರ್ಟರಿನ ಒಳಗಿನ ಸಂಗತಿ. ಮನೆಬಳಕೆಯ ಅನೇಕ ಇನ್ವರ್ಟರುಗಳಲ್ಲಿ ಒಳಬಂದ ನ್ಯೂಟ್ರಲ್ಲೇ ನೇರವಾಗಿ ಹೊರಕ್ಕೂ ಹೋಗುತ್ತದೆ. ಕರೆಂಟ್ ಹೋದಾಗಲೂ ಟ್ರಾನ್ಸ್‌ಫಾರ್ಮರಿನ ಬಳಿಯ ಜೋಡಣೆ ಉಳಿದಿರುತ್ತದೆ. ಮನೆಯಲ್ಲಿ ಇನ್ನೊಂದು ಜೋಡಣೆ ಮಾಡಿದರೆ ನ್ಯೂಟ್ರಲ್ಲಿನ ವಿದ್ಯುತ್ತಿನ ಒಂದು ಪಾಲು ನಿತ್ಯವೂ ಅರ್ಥಿಂಗ್ ತಂತಿಯಲ್ಲಿ ಹರಿಯುವುದು. ಬೇರೆ ಕೆಲವು ಇನ್ವರ್ಟರುಗಳು ಕರೆಂಟ್ ಹೋದಾಗ ಎರಡು ತಂತಿಗಳನ್ನೂ ಹೊರಗಿನಿಂದ ಬಿಡಿಸಿಕೊಳ್ಳುತ್ತವೆ. ಆಗ ಯಾವ ತಂತಿಗೂ ನೆಲದ ಸಂಬಂಧವಿಲ್ಲ. ಟೆಸ್ಟರ್ ಎರಡರಲ್ಲೂ ಮಿಣುಕಬಹುದು. ಒಂದು ತಂತಿ ಲೋಹಕ್ಕೆ ತಗುಲಿದರೂ ಆರ್‌ಸಿಸಿಬಿ ಸುಮ್ಮನಿರುತ್ತದೆ. ಎರಡನೆಯದೂ ಕೆಟ್ಟ ದಿನ ಅನಾಹುತ. ಇಂಥದಕ್ಕೆ, ಬ್ಯಾಟರಿಯ ಮೇಲೆ ನಡೆಯುವಾಗ ಮಾತ್ರ ನ್ಯೂಟ್ರಲ್ಲನ್ನು ಅರ್ಥಿಂಗಿಗೆ ಕೂಡಿಸಿ, ಕರೆಂಟ್ ಬಂದೊಡನೆ ಬಿಡಿಸುವ ರಿಲೇ ಬೇಕು. ತಮ್ಮದು ಯಾವ ಬಗೆಯದೆಂದು ಕೈಪಿಡಿಯಲ್ಲಿ ನೋಡಬೇಕು, ಇಲ್ಲವೆ ಕಂಪನಿಯವರನ್ನು ಕೇಳಬೇಕು.

ಇನ್ನೆರಡು ಎಚ್ಚರಿಕೆಗಳು. ಮೇನ್ ಸ್ವಿಚ್ ತೆಗೆದರೂ ಇನ್ವರ್ಟರ್ ನಡೆಯುತ್ತಲೇ ಇರುತ್ತದೆ. ಅದನ್ನೂ ಬಂದ್ ಮಾಡಿ, ಅದರ ಲೈನನ್ನೂ ಬಿಡಿಸಿ, ಆಮೇಲೆಯೇ ಫ್ಯಾನಿಗೆ ಕೈ ಹಾಕಿರಿ. ಎರಡೂ ತುದಿಗೆ ಪ್ಲಗ್ಗಿರುವ ವೈರಿನಿಂದ ಮನೆಯ ಸಾಕೆಟ್ಟಿಗೆ ವಿದ್ಯುತ್ತು ತುಂಬಬೇಡಿರಿ. ಅದು ಹೊರಗಿನ ಲೈನಿಗೆ ಹರಿದರೆ ಕಂಬದ ಮೇಲಿನ ಲೈನ್‌ಮನ್ ಸಾಯುತ್ತಾನೆ. ಅವನೂ ನಮ್ಮಂತೆ ದುಡಿದು ತಿನ್ನುವವನು.

ಈ ಕೆಲಸ ಲೈಸೆನ್ಸ್ ಇರುವವರಿಂದಲೇ ಆಗಬೇಕೆಂದು ಕಾಯಿದೆಯಿದೆ. ಚಾಳಿಗೆ ಅರ್ಥಿಂಗ್ ಇಲ್ಲವಾದರೆ ಖೋಲಿಯವರೆಲ್ಲ ಕೂಡಿ ಮಾಲಕರನ್ನು ಕೇಳಿರಿ. ಅವರು ಒಪ್ಪದಿದ್ದರೆ ವಂತಿಗೆ ಹಾಕಿಯಾದರೂ ಗುಂಡಿ ತೆಗೆಸಿರಿ. ಒಬ್ಬನಿಗೆ ಭಾರವಾದದ್ದು ಹತ್ತು ಮನೆಗೆ ಹಗುರ.