ಮರಳಿ ಬಾರದ ವಿಮಾನವೀರ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯನ್ನಗಲಿ ಆಂಧ್ರ ರಾಜ್ಯವನ್ನು ಸೇರಿದುವು. ಅಂದಿನಿಂದ, ನಮ್ಮನ್ನು ಯಾರು ನೆನೆಯುವರೆಂಬ ಅಳಲು ನಮ್ಮನ್ನು ಬಿಟ್ಟಿಲ್ಲ. ಈ ಅಳಲಿಗೆ ಉತ್ತರವೀಯಬಲ್ಲ ಒಂದು ಜೀವನವನ್ನು ಇಂದು ಸ್ಮರಿಸಲೆಳಸುತ್ತೇವೆ. ಅದು ಕೊಡಗಿನ ವೀರ ಅಜ್ಜಮಾಡ ದೇವಯ್ಯನವರದು.

ಭಾರತೀಯ ವಾಯುಪಡೆಯು ಸ್ಥಾಪಿತವಾದುದು 1932ರ ಅಕ್ಟೋಬರ್ 8ರಂದು. ದೇವಯ್ಯನವರು ಹುಟ್ಟಿದುದೂ ಅದೇ ವರ್ಷ, ಡಿಸೆಂಬರ್ 24ರಂದು. 1933ರಲ್ಲಿ ನಾಲ್ಕೇ ವಿಮಾನಗಳೊಡನೆ ಮೊದಲನೆಯ ಸ್ಕ್ವಾಡ್ರನ್ನು ರೂಪುಗೊಂಡಿತು. 1939ರಲ್ಲಿ ಸುಬ್ರೊತೊ ಮುಖರ್ಜಿಯವರು ಅದರ ನಾಯಕತ್ವವನ್ನು ವಹಿಸಿದ ಮೊದಲ ಭಾರತೀಯರಾದರು. ಇಂತಹ ಪರಂಪರೆಯ ಪಡೆಯನ್ನು ದೇವಯ್ಯನವರು 1954ರಲ್ಲಿ ಸೇರಿ, ಮುಂದೆ ಸ್ಕ್ವಾಡ್ರನ್ ಲೀಡರ್ ಪದವಿಗೇರಿ, ಕಿರಿಯರಿಗೆ ಹಾರಾಟವನ್ನು ಕಲಿಸುವ ಗುರುಗಳಾದರು.

1965ರ ಯುದ್ಧದಲ್ಲಿ ಅವರು ಆ ಮೊದಲನೆಯ ಸ್ಕ್ವಾಡ್ರನ್ನಿನಲ್ಲಿದ್ದರು. ಸೆಪ್ಟೆಂಬರ್ 7ರ ಬೆಳಗಿನಲ್ಲಿ ಪಂಜಾಬಿನ ಆದಂಪುರದಿಂದ ಹನ್ನೆರಡು ಮಿಸ್ಟೀರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಡಬೇಕಾಗಿತ್ತು. ದೇವಯ್ಯನವರದು ಕಾದಿರಿಸಿದ ಸ್ಥಾನ. ಹನ್ನೆರಡರಲ್ಲೊಂದು ಹಿಂದುಳಿದರೆ ಮಾತ್ರ ಅವರು ಸೇರಬೇಕು. ಹಾಗೆಯೇ ಆಯಿತು, ಅವರು ಹೊರಟರು.

ಹಿಂದಿರುಗುವಾಗ ಶತ್ರುವಿನ ಸ್ಟಾರ್‌ಫೈಟರ್ ವಿಮಾನವೊಂದು ಎದುರಾಯಿತು. ಅದು ಶಬ್ದದ ಇಮ್ಮಡಿ ವೇಗದಲ್ಲಿ ಹಾರಬಲ್ಲದು. ಮಿಸ್ಟೀರಿಗೆ ಆ ಶಕ್ತಿಯೆಲ್ಲಿ? ಪೆಟ್ಟು ತಿಂದರೂ ದೇವಯ್ಯನವರು ಬೆನ್ನು ತೋರಿಸಲಿಲ್ಲ. ತಿರುಗಿ ನಿಂತು ಕಾದಿ, ಆ ವೇಗಶಾಲಿಯನ್ನು ನೆಲಕ್ಕುರುಳಿಸಿದರು. ಶತ್ರುವಿಮಾನದ ಚಾಲಕ ಅಮ್ಜದ್ ಹುಸೇನರು ಧುಮುಕುಕೊಡೆಯಿಂದ ಇಳಿದು ಬದುಕಿದರು. ದೇವಯ್ಯನವರು ಮಾತ್ರ ಮರಳಲಿಲ್ಲ.

ಅಂದು ನಮ್ಮವರಿಗೆ ತಿಳಿದುದು ಇಷ್ಟೇ: ಒಂದು ವಿಮಾನ ಬರಲಿಲ್ಲ. ಆ ಕಾಳಗವನ್ನು ಕಂಡು ಬಂದು ಹೇಳುವವರಾರೂ ಇರಲಿಲ್ಲ. 1979ರಲ್ಲಿ ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕರು ಪಾಕಿಸ್ತಾನದ ಕಡೆಯ ಯುದ್ಧವೃತ್ತಾಂತವನ್ನು ಪ್ರಕಟಿಸಿದಾಗ ಸತ್ಯವು ಬೆಳಕಿಗೆ ಬಂದಿತು. 1988ರಲ್ಲಿ, ಎಂದರೆ ಇಪ್ಪತ್ತಮೂರು ವರ್ಷಗಳ ತರುವಾಯ, ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವು ಸಂದಿತು. ಅದನ್ನು ಸ್ವೀಕರಿಸಿದವರು ಅವರ ಪತ್ನಿ. ಅಷ್ಟು ವರ್ಷಗಳ ಆ ತಾಯಿಯ ನಿರೀಕ್ಷೆಯನ್ನು ಯಾವ ಪದಕ ತೂಗೀತು?

ಬಂಧುಗಳೇ, ಶೌರ್ಯವಿದ್ದರೆ ಸಾಲದು. ಅದನ್ನು ಹೇಳುವ ಬಾಯಿ, ಬರೆದಿಡುವ ಕೈ ಬೇಕು. ದೇವಯ್ಯನವರಿಗೆ ಆ ಸಾಕ್ಷ್ಯವು ಎದುರಾಳಿಯ ನಾಡಿನಿಂದಲೇ ಬರಬೇಕಾಯಿತು. ನಮ್ಮ ಹಿರಿಯರ ವಿಷಯದಲ್ಲಿಯೂ ಹಾಗಾಗಬೇಕೆ? ಈ ತಾಲೂಕುಗಳಲ್ಲಿ ಕನ್ನಡ ಶಾಲೆಗಳನ್ನು ನಡೆಸಿದವರು, ಸೈನ್ಯಕ್ಕೆ ಹೋದವರು, ಹೊಲದಲ್ಲಿ ದುಡಿದು ಮಕ್ಕಳನ್ನು ಓದಿಸಿದವರು ಎಷ್ಟು ಮಂದಿ! ಅವರ ಕಥೆಯನ್ನು ಅನ್ಯರು ಬಂದು ಬರೆಯಲೆಂದು ನಾವು ಕಾಯಬಾರದು. ಇಂದು ಮನೆಗೆ ಹೋದೊಡನೆ ಅಜ್ಜ ಅಜ್ಜಿಯರ ಬಳಿ ಮಕ್ಕಳನ್ನು ಕೂರಿಸಿರಿ. ಅವರು ಹೇಳಿದುದನ್ನು ಕನ್ನಡದಲ್ಲಿಯೇ ಬರೆಯಿಸಿರಿ. ಗಡಿಯ ಗೆರೆಯನ್ನು ಅಳಿಸುವುದು ನಮ್ಮ ಕೈಯಲ್ಲಿಲ್ಲ; ನಮ್ಮವರ ಹೆಸರು ಅಳಿಯದಂತೆ ಕಾಯುವುದು ನಮ್ಮ ಕೈಯಲ್ಲಿದೆ.

ಆ ವೀರನಿಗೆ ನಮ್ಮೆಲ್ಲರ ನಮನಗಳು.