ಅಂಗೈಯ ಅರಳಿಕಟ್ಟೆ

ನಾನು ಹುಡುಗನಾಗಿದ್ದಾಗ ನಮ್ಮೂರಿನ ಲೋಕಾಭಿಪ್ರಾಯ ರೂಪುಗೊಳ್ಳುತ್ತಿದ್ದುದು ಅರಳಿಕಟ್ಟೆಯ ಮೇಲೆ. ಬರುತ್ತಿದ್ದುದು ಒಂದೇ ಪತ್ರಿಕೆ. ಓದುವವರು ಒಬ್ಬರು, ಕೇಳುವವರು ಹತ್ತು ಮಂದಿ. ಯಾರಾದರೂ ಹೊಸ ಸುದ್ದಿ ತಂದರೆ, "ನಿನಗೆ ಯಾರು ಹೇಳಿದರಪ್ಪ?" ಎಂದು ಹಿರಿಯರು ಮೊದಲು ಕೇಳುತ್ತಿದ್ದರು. ಸುದ್ದಿ ಸುಳ್ಳಾದರೆ ತಂದವನು ಮರುದಿನ ಅದೇ ಕಟ್ಟೆಗೆ ಮುಖ ತೋರಿಸಬೇಕಾಗಿತ್ತು. ಇಂದು ಆ ಕಟ್ಟೆ ನಮ್ಮ ಅಂಗೈಗೇ ಬಂದಿದೆ. ಆ ಪ್ರಶ್ನೆ ಮಾತ್ರ ಅದರೊಡನೆ ಬಂದಿಲ್ಲ.

ಈ ಹೊಸ ಕಟ್ಟೆಯನ್ನು ಹಳಿಯುವುದು ಸುಲಭ. ಆದರೆ ಅದು ನ್ಯಾಯವಲ್ಲ. 2016ರಲ್ಲಿ ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲುಸೇತುವೆ ಕಟ್ಟಲು ಸರ್ಕಾರ ಹೊರಟಿತು. ಅದಕ್ಕಾಗಿ ನೂರಾರು ಮರಗಳು ಉರುಳಬೇಕಾಗಿತ್ತು. 'ಬೇಡ' ಎಂಬ ಒಂದು ಕನ್ನಡ ಮಾತು ಟ್ವಿಟರ್, ಫೇಸ್‌ಬುಕ್‌ಗಳಲ್ಲಿ ಹಬ್ಬಿತು. ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ರಸ್ತೆಯುದ್ದಕ್ಕೂ ಕೈ ಕೈ ಹಿಡಿದು ನಿಂತರು. ಹಸಿರು ನ್ಯಾಯಾಧಿಕರಣದ ತಡೆಯಾಜ್ಞೆಯೂ ಬಂದಿತು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಮತಪೆಟ್ಟಿಗೆಯ ದಿನವಷ್ಟೇ ಪ್ರಜೆಯಾಗಿರುತ್ತಿದ್ದವನು ನಡುವಿನ ದಿನಗಳಲ್ಲಿಯೂ ಪ್ರಜೆಯಾಗಬಹುದೆಂದು ಅಂದು ನನಗೆ ಅನಿಸಿತು.

ಎರಡು ವರ್ಷ ಕಳೆಯುವುದರೊಳಗೆ ನನ್ನ ಹಿಗ್ಗು ಇಳಿಯಿತು. 2018ರ ಬೇಸಗೆಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ಸಂದೇಶ ಊರೂರು ಸುತ್ತಿತು. ನನಗೂ ಬಂದಿತು. 'ಎಚ್ಚರಿಕೆಯಿಂದ ನಷ್ಟವೇನು?' ಎಂದುಕೊಂಡು ನಾನೂ ಮೂರು ಬಳಗಗಳಿಗೆ ಅದನ್ನು ದಾಟಿಸಿದೆ. ಜುಲೈ 13ರಂದು ಹೈದರಾಬಾದಿನ ಕೆಲವರು ಕಾರಿನಲ್ಲಿ ಬೀದರ್ ಜಿಲ್ಲೆಗೆ ಬಂದು, ಒಂದು ಹಳ್ಳಿಯ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಗುಮಾನಿ ಹುಟ್ಟಲು ಅಷ್ಟೇ ಸಾಕಾಯಿತು. ಸುದ್ದಿ ಅವರ ಕಾರಿಗಿಂತ ಮೊದಲು ಮುರ್ಕಿ ಗ್ರಾಮವನ್ನು ಮುಟ್ಟಿತು. ಜನ ದಾರಿ ಕಟ್ಟಿ ಹೊಡೆದರು. ತರುಣ ಎಂಜಿನಿಯರೊಬ್ಬ ಸತ್ತ.

ನಾನು ದಾಟಿಸಿದ ಸಂದೇಶ ಆ ಸೀಮೆಯನ್ನು ತಲುಪಿತೆಂದು ಹೇಳಲಾರೆ, ತಲುಪಲಿಲ್ಲವೆಂದೂ ಹೇಳಲಾರೆ. ಕಲ್ಲು ಎಸೆದವನಿಗೆ ತನ್ನ ಕೈಯ ನೆನಪಾದರೂ ಇರುತ್ತದೆ. ನನಗೆ ಅದೂ ಇಲ್ಲ.

ಅದೇ ತಿಂಗಳು ಆ ಸಂಸ್ಥೆ, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸಬಹುದೆಂದು ಮಿತಿ ಹಾಕಿತು. 2020ರ ಏಪ್ರಿಲಿನಲ್ಲಿ, ಬಹಳ ಕೈ ಬದಲಿಸಿ ಬಂದ ಸಂದೇಶಕ್ಕೆ ಆ ಮಿತಿ ಒಂದಕ್ಕೆ ಇಳಿಯಿತು. ಒಳ್ಳೆಯದೇ. ಆದರೆ ಮನುಷ್ಯನ ವಿವೇಕ ಮಾಡಬೇಕಾದ ಕೆಲಸವನ್ನೆಲ್ಲ ಯಂತ್ರವೇ ಮಾಡೀತೆ?

ಈಗ ಯಾರು ಏನು ಕಳುಹಿಸಿದರೂ "ನಿಮಗೆ ಯಾರು ಹೇಳಿದರು?" ಎಂದು ಕೇಳುತ್ತೇನೆ. ಕೆಲವರಿಗೆ ಬೇಸರವಾಗಿದೆ, ಒಂದು ಬಳಗದವರು ನನ್ನನ್ನು ಹೊರಗೆ ಹಾಕಿಯೂ ಆಗಿದೆ. ಚಿಂತೆಯಿಲ್ಲ. ಈ ಬಾನುಲಿಯಲ್ಲಿ ನಿಮ್ಮ ಮುಖ ನನಗೆ ಕಾಣದಿದ್ದರೂ ನನ್ನ ಹೆಸರನ್ನು ನೀವು ಕೇಳಿದ್ದೀರಿ. ನನ್ನ ಮಾತು ತಪ್ಪಾಗಿದ್ದರೆ ನಾಳೆ ನನ್ನನ್ನು ಕೇಳಬಹುದು. ಆಡಿದ ಮಾತಿಗೆ ಅಷ್ಟಾದರೂ ಹೊಣೆ ಇರಬೇಕು.

(ಬಾನುಲಿ ಭಾಷಣ)